ಕುವೈತಿನ ಸಬ್ಬಸಗಿಗೆ ನಾ ಹಾಕಿದ ಹೆಪ್ಪು

ಹುಕ್ಕೇರಿ

ನನ್ನ ಮೊಮ್ಮಗಳಿಗೆ ತಲಿ ತುಂಬ ಕೂದಲ. ಇದನ್ನ ಮೊದಲ ಹೇಳಿಬಿಡತೇನಿ. ಕುವೈತಕ್ಕ ಹೋಗಿ ಏನೇನ ನೋಡಿ ಬಂದಿ ಅಂತ ಕೇಳಿದವರಿಗೆಲ್ಲಾ ನಾ ಮೊದಲ ಇದನ್ನ ಹೇಳತೇನಿ, ಅವರು ಹಡಗ ಹ್ಯಾಂಗಿತ್ತು, ಅರಬರು ಹ್ಯಾಂಗ ಇರತಾರ ಅಂತ ಮಾತ ತಿರಿವಿಬಿಡತಾರ. ಹುಟ್ಟಿ ತಿಂಗಳ ತುಂಬೂದ್ರಾಗ ಹಣಿ ಮ್ಯಾಲೆ ಬೀಳೂವಷ್ಟು ಕೂದಲ! ಎಣ್ಣಿ ಹಚ್ಚಿ ಹಿಂದಕ್ಕ ತೀಡಿದ್ರ ಪಂಚಾಯತಿಗೆ ಹೊಂಟ ಗೌಡರ ಹಂಗ ಕಾಣತಿತ್ತು ಕೂಸು. ನೋಡಿ ನೋಡಿ ನನಗ ಊಟ ಬ್ಯಾಡಾಗತಿತ್ತು.

ಆದ್ರ ಬರಿಯಾಕ ಕುಂತದ್ದು ಕೂದಲದ ಮಾತಲ್ಲ. ಆ ದೇಶದಾಗ ನಾ ಏನ ಮಾಡಿ ಬಂದೆ ಅನ್ನೂದನ್ನ ಊರ ಹೆಣ್ಣಮಕ್ಕಳು ಬ್ಯಾರೆಯವರ ಬಾಯಿಂದ ಕೇಳೂದಕ್ಕಿಂತ ನನ್ನ ಕೈಯಿಂದ ಓದಲಿ ಅಂತ ಕುಂತೇನಿ. ಮೂರನೇ ಇಯತ್ತೆ ಕಲತ ಕೈ. ಅಕ್ಷರ ಸೊಟ್ಟ ಇದ್ರ ಸಂಭಾಳಿಸಿಕೊಳ್ರಿ.

ನನ್ನ ತವರು ಮೂಡಲಗಿ, ಕೊಟ್ಟದ್ದು ಹುಕ್ಕೇರಿಗೆ. ಊರ ಹೊರಗ ನಮ್ಮ ಬಾವಿ ತ್ವಾಟ ಐತಿ. ಮೆಂತೆ, ರಾಜಗಿರಿ, ಸಬ್ಬಸಗಿ, ಪುಂಡಿ ಬೆಳದು ಸಂತಿಗೆ ಒಯ್ತೀವಿ. ನಾವು ಜೈನರು. ಉಳ್ಳಾಗಡ್ಡಿ, ಬಟಾಟಿ ಮುಟ್ಟೂದಿಲ್ಲ, ಹೊತ್ತ ಮುಳಗಿದ ಮ್ಯಾಲೆ ಉಣ್ಣೂದಿಲ್ಲ. ಮಗಳು ಸುನಂದಾನ್ನ ಹತ್ತರಗಿಯ ನೇಮಣ್ಣಗ ಕೊಟ್ಟೀವಿ. ಅಳಿಯ ಶೇತಕಿ ಸಾಲಿಯಾಗ ಒಕ್ಕಲತನ ಕಲತಾವರು. ಕುವೈತದಾಗ ಒಬ್ಬ ಅರಬ ವ್ಯಾಪಾರಿ ತಪ್ಪಲಪಲ್ಲೆ ತ್ವಾಟ ಮಾಡ್ಯಾನ, ಅದನ್ನ ನೋಡಿಕೊಳ್ಳಾಕ ಹೋದವರು ಮರುವರ್ಷ ಮಗಳನ್ನೂ ಕರಸಿಕೊಂಡ್ರು. ಚೊಚ್ಚಲ ಬಾಣಂತನ ತವರಾಗ ಆಗಬೇಕು. ಆದ್ರ ಸುನಂದಾನ ಕಾಲಿಗೆ ಬಾವು ಬಂದು, ಹಡಗ ಹತ್ತಬಾರದು ಅಂತ ಡಾಕ್ಟರರು ಹೇಳಿದ್ರಂತ. ಬಾಣಂತಿ ಬರದಿದ್ರ ಬಾಣಂತನನ ಹೋಗಬೇಕಲ್ಲಾ!

ಬೆಳಗಾವಿ ಮೈಸೂರು ರಾಜ್ಯಕ್ಕ ಸೇರಿ ಇನ್ನೂ ಹೊಸತು. ಪಾಸಪೋರ್ಟ ಅಂದ್ರ ಏನಂತ ನಮ್ಮ ಓಣಿಯಾಗ ಯಾರಿಗೂ ಗೊತ್ತಿರಲಿಲ್ಲ. ಫೋಟೋ ತಗಸಾಕ ಬೆಳಗಾವಿಗೆ ಹೋದ್ರ, ಫೋಟೋದವನು ಸೆರಗ ಹಿಂದಕ್ಕ ಸರಸ್ರಿ, ಕಿವಿ ಕಾಣಬೇಕು ಅಂದ. ಪರಗಂಡಸಿನ ಮುಂದ ಸೆರಗ ಸರಸಿ ಕುಂತು ನನ್ನ ಮಾರಿ ಹೆಂಗ ಬಂತಂದ್ರ, ಅದನ್ನ ನೋಡಿ ನಮ್ಮವರು, “ಇದು ನೀನಲ್ಲ ಬಿಡ, ಯಾರೋ ಕಳವು ಮಾಡಿ ಸಿಕ್ಕವಳು” ಅಂದ್ರು. ತ್ವಾಟಕ್ಕ ನೀರ ಹಾಯಸಬೇಕಂತ ಅವರು ಬರಲಿಲ್ಲ. ನಿಪ್ಪಾಣಿಯ ಗಂಡ ಹೆಂಡತಿ ಅದ ಹಡಗಕ್ಕ ಹೊಂಟಿದ್ರು, ಅವರ ಕೈಗೆ ನನ್ನ ಒಪ್ಪಿಸಿದ್ರು.

ಗಂಟಿನ್ಯಾಗ ಗೋಕಾಕದ ಕರದಂಟು, ಅಳವಿ ಬೀಜ, ಒಣಕೊಬ್ಬರಿ, ಮತ್ತ ಒಂದ ಚೀಲ ಶೇಂಗಾ ಹಿಂಡಿ. ಹಿಂಡಿ ಯಾಕ ಅಂದ್ರ, ಅಲ್ಲಿ ಬರೇ ಉಸುಕು ಐತಂತ ಮಗಳು ಬರದಿದ್ದಳು. ಹಿಂಡಿ ನೆನಿಸಿದ ನೀರ ಹಾಕಿದ್ರ ಉಸುಕೇನು, ಕಲ್ಲಿನ್ಯಾಗೂ ಪಲ್ಲೆ ಬರತೈತಿ ಅಂತ ನನ್ನ ಲೆಕ್ಕ. ಈ ಲೆಕ್ಕ ನೆನಪಿಟ್ಟುಕೊಳ್ರಿ.

ಹಡಗದ ಮ್ಯಾಲೆ

ಸಮುದ್ರದಾಗ ಹೊಟ್ಟಿ ತೊಳಸೂದು ಎಲ್ಲರಿಗೂ ಆಗತೈತಿ, ಅದನ್ನ ಬರಿಯೂದಿಲ್ಲ. ನನಗ ತ್ರಾಸ ಆಗಿದ್ದು ಸೂರ್ಯಂದು. ಊರಾಗ ಹೊತ್ತ ಮುಳಗೂದು ನಮ್ಮ ತ್ವಾಟದ ಬೇವಿನ ಗಿಡದ ಹಿಂದ. ಅಲ್ಲಿ ಗಿಡಾನೂ ಇಲ್ಲ, ಗುಡ್ಡಾನೂ ಇಲ್ಲ. ನಾವಿದ್ದದ್ದು ಬಯಲ ಡೆಕ್ಕಿನ ಮ್ಯಾಲೆ, ನೂರಾರ ಮಂದಿ ಚಾಪಿ ಹಾಸಿದ ಜಾಗಾದಾಗ. ಮಾಡ ಮುಸುಕಿದ ದಿನ ನಾ ಬುತ್ತಿ ಬಿಚ್ಚಿ ಕುಂತು, ಹೊತ್ತ ಐತೋ ಹೋತೋ ಅಂತ ಖಲಾಸಿಯೊಬ್ಬನ್ನ ಕೇಳಿದೆ. ಅವನು ನಕ್ಕು ಇನ್ನೊಬ್ಬಗ ಹೇಳಿದ. ಮರುದಿನ ಸಂಜಿ ನೋಡ್ರಿ, ಸಿಂಧಿಯವರು, ಗೋವಾದವರು, ಪಠಾಣರು, ಇಡೀ ಡೆಕ್ಕು ಎದ್ದ ನಿಂತು ಪಡುವಣಕ್ಕ ಮಾರಿ ಮಾಡಿ, “ಆಯೀ, ಖಾ ಲೋ, ಖಾ ಲೋ! ಸೂರಜ ಜಾತಾ ಹೈ!” ಅಂತ ಒದರಾಕ ಹತ್ತಿದ್ರು. ತುತ್ತು ಗಂಟಲಾಗ ಸಿಕ್ಕತು. ಮುಂದ ಕುವೈತ ಮುಟ್ಟೂ ತನಕ ದಿನಾ ಹಿಂಗ. ಒಬ್ಬ ಪಠಾಣನಂತೂ ನಾ ಉಂಡ ಮುಗಿಸೂ ತನಕ ಸೂರ್ಯನ್ನ ಕೈಯಾಗ ಹಿಡದು ನಿಲ್ಲಿಸಿದವರ ಗತೆ ಕೈ ಎತ್ತಿ ನಿಂತಿರತಿದ್ದ.

ಕುವೈತದ ಬಂದರದಾಗ ಚೀಲಾ ಬಿಚ್ಚಿ ತಪಾಸ ಮಾಡಿದ್ರು. ತಪಾಸ ಮಾಡಾವ ಮೀಸಿ ಹೊತ್ತ ಅರಬ. ನಾ ಮರ್ಯಾದಿಗೆ ಕರದಂಟಿನ ಡಬ್ಬಿ ಮುಂದ ಮಾಡಿ ತಿನ್ರಿ ಅಂತ ಸನ್ನಿ ಮಾಡಿದೆ. ಅಂವ ಡಬ್ಬಿ ಬಿಟ್ಟು ಬಾಜೂದ ಚೀಲಕ್ಕ ಕೈ ಹಾಕಿ, ಹಿಂಡಿಯ ತುಂಡ ಮುರದು ಬಾಯಾಗ ಇಟ್ಟುಕೊಂಡ. ಬ್ಯಾಡ ಅನ್ನಾಕ ನನ್ನ ಹತ್ರ ಅರಬಿ ಮಾತ ಎಲ್ಲಿದ್ದು? ಎಮ್ಮಿಗೆ ಹಾಕೂ ಹಿಂಡಿನ್ನ ಅಂವ ನನ್ನ ಮಾರಿ ನೋಡಕೋತ, ಅತಿಥಿಗೆ ಅವಮಾನ ಮಾಡಬಾರದು ಅಂತ ಕಾಣತೈತಿ, ಕಷ್ಟಪಟ್ಟು ನುಂಗಿ, ತಲಿ ತೂಗಿದ. ನಿಪ್ಪಾಣಿಯಾಕಿ ಸೆರಗ ಬಾಯಿಗೆ ತುರಕಿಕೊಂಡು ನಗಾಕತ್ತಳು. ನಾ ನೆಲಾ ನೋಡಿದೆ.

ಮಗಳ ಮನಿ

ಎರಡ ಖೋಲಿ ಮನಿ. ಗ್ವಾಡಿ ಆಚೆ ತ್ವಾಟ. ನಾ ಮುಟ್ಟೂದ್ರಾಗ ಮಗಳು ಹಡದಿದ್ಳು. ಕೂಸನ್ನ ತೊಡಿ ಮ್ಯಾಲೆ ಹಾಕಿಕೊಂಡಾಗ ನನಗ ಅಳು ಬಂತು, ನಗು ಬಂತು, ಮತ್ತ ಅದರ ಕೂದಲಾ ನೋಡಿ ನಗು ಬಂತು. ಆದ್ರ ಕೂಸು ಸುಮ್ಮಕಿರಲಿಲ್ಲ. ಸುನಂದಾಗ ಹಾಲು ಕಡಿಮಿ. ಕೂಸು ಎದಿ ಹಿಡದು ಚೂರ ಚೀಪಿ, ಸಿಗದ ಸಿಟ್ಟಿಲೆ ಮಾರಿ ಕೆಂಪ ಮಾಡಿ ಚೀರತಿತ್ತು. ಡಬ್ಬಿ ಹಾಲು ಕುಡಸಿದ್ರ ಕಾರತಿತ್ತು. ಮಗಳ ಕಣ್ಣು ಒಳಗ ಹೋಗಿದ್ದು.

“ಸಬ್ಬಸಗಿ ತಿಂದಿಲ್ಲೇನ?” ಅಂತ ನಾ ಕೇಳಿದ ಮೊದಲನೇ ಮಾತು. ನಮ್ಮ ಕಡೆ ಬಾಣಂತಿಗೆ ಸಬ್ಬಸಗಿ ಪಲ್ಲೆ ತಪ್ಪೂದಿಲ್ಲ, ಹಾಲು ಅದರಿಂದ ಇಳೀತಾವ ಅಂತ ನನ್ನ ಅವ್ವನೂ ನಂಬಿದ್ದಳು, ನಾನೂ ನಂಬೇನಿ.

“ನೀ ಕಳಿಸಿದ ಬೀಜ ಅವರು ಹಾಕ್ಯಾರ ಅವ್ವಾ. ಗೇಣ ಎತ್ತರ ಬಂದೈತಿ. ನೀ ಬಂದು ಮೊದಲನೇ ಕೊಯ್ಲು ಮಾಡಲಿ ಅಂತ ಬಿಟ್ಟಾರ.”

ಬರೂಕಿಂತ ಮೊದಲ ಒಬ್ಬರ ಕೈಯಾಗ ಬೀಜ ಕಳಿಸಿದ್ದೆ. ಕೂಸನ್ನ ಮಗಳ ತೊಡಿಗೆ ಹಾಕಿ, ಕಾಲ ಸುದ್ದ ತೊಳಕೊಳ್ಳದ ತ್ವಾಟಕ್ಕ ಓಡಿದೆ.

ಮಣ್ಣಿಲ್ಲದ ತ್ವಾಟ

ಆ ತ್ವಾಟ ನೋಡಿ ನಾ ಮೊದಲ ಹುಡುಕಿದ್ದು ಮಣ್ಣ. ಇಲ್ಲ. ದನಕ್ಕ ನೀರ ಕುಡಸೂ ದೋಣಿ ಇರತಾವಲ್ಲಾ, ಅಂಥವು ಸಿಮೆಂಟಿನವು, ಉದ್ದಕ ಸಾಲ ಹಿಡದು ಮಲಗಿದ್ದು. ಅದರಾಗ ರಸ್ತಾಕ್ಕ ಹಾಕೂವಂಥ ಸಣ್ಣ ಖಡಿ. ಖಡಿಯಾಗ ಬೇರ ಬಿಟ್ಟು ಹಸಿರ ಹಸಿರ ಪಲ್ಲೆ! ಪಂಪ ಹಚ್ಚಿದ್ರ ದೋಣಿಗೆ ನೀರ ತುಂಬತೈತಿ, ಬಂದ ಮಾಡಿದ್ರ ಇಳದ ಹೋಗತೈತಿ. ಗಿಡಕ್ಕ ಬೇಕಾದ್ದೆಲ್ಲಾ ಆ ನೀರಾಗ ಕರಗಿರತೈತಿ. ನೀರೂ ಅವರದು ಸಮುದ್ರದ್ದು, ಕುದಿಸಿ ಸಿಹಿ ಮಾಡಿದ್ದು. ನೀರನ್ನ ಅಷ್ಟ ಜ್ವಾಕಿ ಮಾಡೂ ಮಂದಿನ್ನ ನಾ ನೋಡಿಲ್ಲ.

“ನೇಗಲಾ?” ಅಂದೆ ಅಳಿಯಂದಿರಿಗೆ.

“ಇಲ್ಲ ಅತ್ತಿ.”

“ಕುರಪಿ? ಕಳೆ?”

“ಕಳೇನೂ ಇಲ್ಲ.”

“ಎರಿಹುಳಾ?”

“ಮಣ್ಣ ಇಲ್ಲಂದ್ರ ಎರಿಹುಳಾ ಎಲ್ಲಿಂದ ಬರಬೇಕ್ರಿ?”

ನನಗ ಕುಣಿಯೂವಷ್ಟು ಖುಷಿ ಆತು. ಮಣ್ಣಾಗ ಕೈ ಹಾಕೂ ಜೈನರ ಹೊಟ್ಟಿಯಾಗ ಒಂದ ಮುಳ್ಳ ಇರತೈತಿ. ಸಾಲ ಹೊಡದ್ರ ಹುಳ ಸಾಯತಾವ, ಕಳೆ ತಗದ್ರ ಹುಳ ಸಾಯತಾವ. ಪರ್ವದಾಗ ಬಸದಿಗೆ ಹೋಗಿ ಕೈ ಮುಗದು ಕ್ಷಮಾ ಬೇಡಿ, ಮರುದಿನ ಮತ್ತ ಕುರಪಿ ಹಿಡೀತೀವಿ. ಇಲ್ಲಿ ನೋಡಿದ್ರ ಒಂದ ಜೀವಾ ನೋಯದ ಪಲ್ಲೆ! ಅಹಿಂಸಾದ ತ್ವಾಟ ಅಂದ್ರ ಇದ, ಊರಿಗೆ ಹೋಗಿ ಎಲ್ಲಾರಿಗೂ ಹೇಳತೇನಿ ಅಂತ ಬಡಬಡಿಸಿದೆ. ಅಳಿಯಂದಿರು ಏನೋ ಹೇಳಾಕ ಬಾಯಿ ತಗದು ಮುಚ್ಚಿಕೊಂಡ್ರು. ಆವಾಗ ನಾ ಅದನ್ನ ಲಕ್ಷಕ್ಕ ತಗೊಳ್ಳಲಿಲ್ಲ.

ಪಲ್ಲೆಯೊಳಗ ಜಾಸ್ತಿ ಇದ್ದದ್ದು ಅವರ ಜರ್ಜೀರ ಅನ್ನೂ ಎಲಿ. ಅದನ್ನ ಅರಬರು ಹಸೀದ ತಿಂತಾರ, ಸೂಡಗಟ್ಟಲೆ, ಊಟದ ಬಾಜೂಕ ಇಟ್ಟುಕೊಂಡು. ಆಡಿನಂಗ ತಿಂತಾರಲ್ಲಾ ಅಂತ ನಕ್ಕೆ. ನಕ್ಕ ಮ್ಯಾಲೆ ನೆನಪಾತು: ನಾವು ಜೋಳದ ರೊಟ್ಟಿ ಕೂಡ ಹಕ್ಕರಕಿ ಹಸೀದ ಜಗಿಯೂದಿಲ್ಲೇನು? ಒಂದ ಎಲಿ ಬಾಯಾಗ ಹಾಕಿಕೊಂಡೆ. ಹಕ್ಕರಕಿಯ ಅಕ್ಕ ಇದ್ದಂಗ ಇತ್ತು, ಖಾರ ಜರಾ ಜಾಸ್ತಿ.

ಕಡೀ ದೋಣಿಯಾಗ ನನ್ನ ಸಬ್ಬಸಗಿ. ಕೊಯ್ದು ಹೆಸರಬ್ಯಾಳಿ ಹಾಕಿ ಪಲ್ಲೆ ಮಾಡಿ ದಿನಾ ಎರಡ ಹೊತ್ತು ಮಗಳಿಗೆ ಉಣಿಸಿದೆ. ನಾಕೈದ ದಿನದಾಗ ಎದಿ ಬಿಗೀತು. ಕೂಸು ಹೊಟ್ಟಿ ತುಂಬ ಕುಡದು ಬಾಯಿ ತಗದ ಮಲಗಿತು. ಅವತ್ತ ಸುನಂದಾ ಕೂಡಾ ಗೊರಕಿ ಹೊಡದಳು. ಅವ್ವ, ಮಗಳು ಇಬ್ಬರ ಗೊರಕಿ ಕೇಳಕೋತ ನಾ ಒಬ್ಬಾಕಿನ ಕುಂತು ಕರದಂಟು ತಿಂದೆ.

ಮೂರ ಪೀಪಾಯಿ

ತ್ವಾಟದ ಮಾಲಕ ಯೂಸುಫನ ತಾಯಿ ದಿನಾ ಮಧ್ಯಾಹ್ನ ಬರತಿದ್ಳು. ಎಲ್ಲಾರೂ ಉಮ್ಮ ಯೂಸುಫ ಅಂತಿದ್ರು, ಯೂಸುಫನ ಅವ್ವ ಅಂತ ಅರ್ಥ. ಹರೇದಾಗ ಗಂಡನ ಕೂಡ ಮುಂಬೈದಾಗ ಇದ್ದು ಹಿಂದಿ ಕಲತಿದ್ಳು. ನನ್ನ ಹಿಂದಿ ಹುಕ್ಕೇರಿ ಸಂತಿಯ ಬಳಿಗಾರ ಮಾಮೂನ ಹತ್ರ ಕಲತದ್ದು. ಇಬ್ಬರ ಹಿಂದಿನೂ ಕುಂಟು, ಹಿಂಗಾಗಿ ಜೋಡಿಯಾಗಿ ಛಲೋ ನಡೀತು. ಅವಳಿಗೆ ಮೊಮ್ಮಕ್ಕಳು ಎಷ್ಟಂದ್ರ ಹೆಸರ ಹೇಳೂದ್ರಾಗ ತಪ್ಪತಿದ್ಳು. ನನ್ನ ಕೂಸಿನ ಕೂದಲಾ ನೋಡಿ, “ಅರೇ, ಏ ತೋ ಶೇಖ ಹೈ!” ಅಂದ್ಳು. ಅವತ್ತ ಅವಳು ನನಗ ಅಕ್ಕ ಆದ್ಳು.

ಗಿಡಕ್ಕ ಹಾಕೂ ವಿಲಾಯತಿ ಉಪ್ಪು, ಅಂದ್ರ ಗೊಬ್ಬರದ ಪುಡಿ, ಹಡಗದಾಗ ಬರಬೇಕಾಗಿತ್ತು, ಬಂದಿರಲಿಲ್ಲ. ಅಲ್ಲೀ ತನಕ ಗಿಡ ಬದುಕಿದ್ದು ಈ ಅಕ್ಕನ ಮೂರ ಪೀಪಾಯಿ ಮ್ಯಾಲೆ. ಮೂರನೇದು ನನಗ ಗೊತ್ತಿತ್ತು. ಚಹಾದ ಬಣ್ಣದ ತಿಳಿ ನೀರು, ವಾಸನಿ ಇಲ್ಲ. ಅದರಿಂದ ನಾನ ಎಷ್ಟೋ ಸಲ ಬಕೆಟ್ಟಿಲೆ ತಗದು ಪಂಪಿನ ಹೊಂಡಕ್ಕ ಸುರವಿದ್ದೆ. ಖಜೂರದ ಕಷಾಯ ಇರಬೇಕು ಅಂತ ನನ್ನ ತಿಳವಳಿಕಿ. ಆದ್ರ ಮೊದಲನೇ ಪೀಪಾಯಿ ಯಾವತ್ತೂ ಮುಚ್ಚಿರತಿತ್ತು, ತ್ವಾಟದ ಆಚೆ ಮೂಲಿಯಾಗ.

ಒಂದಿನ ಅಕ್ಕ ನನ್ನ ಕೈ ಹಿಡದು, “ಆಓ ಬಹೆನ, ನನ್ನ ಅಡಗಿ ಮನಿ ತೋರಸತೇನಿ” ಅಂತ ಕರಕೊಂಡ ಹೋಗಿ ಅದರ ಮುಚ್ಚಳ ತಗದಳು.

ಮೀನಿನ ತಲಿ. ಕಣ್ಣ ತಗದುಕೊಂಡು. ಕೊಳತು ಗಂಜಿ ಆದ ನೀರಾಗ ತೇಲಾಕತ್ತಿದ್ದು.

ನಾ ಪಕ್ಕಕ್ಕ ತಿರಗಿದೆ ಅಂದುಕೊಂಡಿದ್ದೆ, ತಿರಗಿದ್ದು ಅಕ್ಕನ ಕಡೆ. ಅವಳ ಕರೇ ರೇಶ್ಮಿ ನಿಲುವಂಗಿಯ ಮ್ಯಾಲೆ ಬೆಳಿಗ್ಗೆ ಉಂಡದ್ದೆಲ್ಲಾ ಕಾರಿಬಿಟ್ಟೆ. ಅವಳು ಅಂಗಿ ನೋಡಿಕೊಳ್ಳದ ನನ್ನ ಬೆನ್ನ ತಿಕ್ಕಿದ್ಳು. “ಮೊದಲನೇದು ನಾರತೈತಿ, ಎರಡನೇದು ಕಡಿಮಿ, ಮೂರನೇದಕ್ಕ ಬರೂದ್ರಾಗ ಮೀನ ಹೋಗಿ ನೀರ ಆಗತೈತಿ” ಅಂತ ಸಮಾಧಾನ ಮಾಡಿದ್ಳು. ನಾ ಅದನ್ನ ಕೇಳೂ ಸ್ಥಿತಿಯಾಗ ಇರಲಿಲ್ಲ. ಒಂದ ಜೀವಾ ನೋಯದ ಪಲ್ಲೆ ಅಂತ ಕುಣದಿದ್ನಲ್ಲಾ! ಬಾಣಂತಿ ಮಗಳ ಹೊಟ್ಟಿಗೆ, ಅವಳ ಹಾಲಿನಿಂದ ಕೂಸಿನ ಹೊಟ್ಟಿಗೆ, ನನ್ನ ಕೈಯಾರೆ ಮೀನ ಹಾಕಿದ್ದೆ.

ಸಂಜಿಕೆ ಸುನಂದಾ ಪಲ್ಲೆ ಎಲ್ಲಿ ಅಂತ ಕೇಳಿದ್ಳು. “ಸಬ್ಬಸಗಿಗೆ ಹುಳ ಬಿದ್ದಾವ” ಅಂತ ಸುಳ್ಳ ಹೇಳಿದೆ.

“ಖಡಿಯಾಗ ಹುಳ ಎಲ್ಲಿಂದ ಬಂದ್ವು ಅವ್ವಾ?”

“ಬಂದಾವ. ನೀ ಸುಮ್ಮ ಮಲಕೋ.”

ಕೊಬ್ಬರಿ ಚಿಪ್ಪ

ಅಳಿಯಂದಿರನ್ನ ಹಿಡದೆ. ಮಗಳ ಪಾಲಿನ ದೋಣಿಗೆ ಇನ್ನ ಮೀನ ನೀರ ಬ್ಯಾಡ, ನನ್ನ ಹಿಂಡಿ ನೀರ ಹಾಕತೇನಿ ಅಂದೆ. ಅವರು ತಲಿ ಕೆರಕೊಂಡ್ರು.

“ಅತ್ತಿ, ಊರಾಗ ಹಿಂಡಿ ನೀರ ಹಾಕಿದ್ರ ಮಣ್ಣು ಅದನ್ನ ಹಣ್ಣ ಮಾಡಿ ಬೇರಿಗೆ ಕೊಡತೈತಿ. ಇಲ್ಲಿ ಮಣ್ಣ ಇಲ್ಲ. ಕಚ್ಚಾ ನೀರ ಹಾಕಿದ್ರ ಬೇರ ಕೊಳೀತಾವ. ಪೀಪಾಯಿದಾಗ ಮೊದಲ ಹಣ್ಣ ಮಾಡಬೇಕು. ನಾ ಮೂಸಿ ನೋಡಿ ಹ್ಞೂಂ ಅಂದ ಮ್ಯಾಲೆ ಹಾಕ್ರಿ.”

ಬ್ಯಾರೆ ಪೀಪಾಯಿದಾಗ ಹಿಂಡಿ ನೆನಿ ಹಾಕಿದೆ. ಅದು ಹಣ್ಣ ಆಗೂ ತನಕ ಅಳಿಯಂದಿರು ಆ ದೋಣಿಗೆ ಬರೂ ಪಂಪಿನ ನೀರ ಬಂದ ಮಾಡಿ, ಬರೇ ಸಿಹಿ ನೀರ ಹಾಕಿದ್ರು. ಮರುದಿನ ಉಮ್ಮ ಯೂಸುಫ ಒಂದ ಸವಟ ಹಿಡಕೊಂಡ ಬಂದ್ಳು. ಸವಟಿನ ತುಂಬ ಮೂರನೇ ಪೀಪಾಯಿದ ನೀರು.

“ಇದನ್ನ ನಿನ್ನ ಪೀಪಾಯಿಗೆ ಹಾಕು. ದಿನಾ ಕೋಲಿಲೆ ಕಡಿ. ವಾಸನಿ ಹೋಗತೈತಿ. ದಹೀ ಮಾಫಿಕ! ಹಳೇ ಮೊಸರ ಹಾಕದ ಹೊಸಾ ಮೊಸರ ಆಗತೈತೇನು?”

“ನಮ್ಮ ಮನಿಯಾಗ ಆಗತೈತಿ” ಅಂದೆ ನಾ, ಗತ್ತಿಲೆ.

ಇದನ್ನ ಜೈನರಲ್ಲದವರಿಗೆ ಬಿಡಿಸಿ ಹೇಳಬೇಕು. ನೇಮ ಹಿಡದವರು ಹಳೇ ಮೊಸರಿಲೆ ಹೆಪ್ಪ ಹಾಕೂದಿಲ್ಲ. ನಿನ್ನಿನ ಮೊಸರಾಗಿನ ಜೀವ ಇವತ್ತಿನ ಹಾಲಿಗೆ ಹೋಗಬಾರದು ಅಂತ. ಕಾಸಿದ ಹಾಲಿಗೆ ಒಣಕೊಬ್ಬರಿ ಚಿಪ್ಪಿನ ಚೂರ ಹಾಕಿದ್ರ ಅದ ಹೆಪ್ಪ ಆಗತೈತಿ. ನಮ್ಮ ಅತ್ತಿ ಹಂಗ ಮಾಡತಿದ್ರು, ನಾನೂ ಹಂಗ ಮಾಡತೇನಿ. ನನ್ನ ಮೊಸರ ಚಾಕೂಲೆ ಕೊಯ್ಯೂ ಹಂಗ ಇರತೈತಿ ಅಂತ ಓಣಿ ಎಲ್ಲಾ ಹೇಳತೈತಿ. ಆ ಸೊಕ್ಕು ಸಮುದ್ರ ದಾಟಿ ನನ್ನ ಕೂಡ ಬಂದಿತ್ತು.

ಅಕ್ಕನ ಸವಟು ಹಿಂದ ಕಳಿಸಿದೆ. ಗಂಟಿನ್ಯಾಗಿನ ಕೊಬ್ಬರಿ ಒಡದು, ಚಿಪ್ಪ ತೊಳದು, ಹಿಂಡಿ ಪೀಪಾಯಿಗೆ ಹಾಕಿದೆ. ಮೀನಿನ ಹೆಪ್ಪ ಬ್ಯಾಡ, ನನ್ನ ಶುದ್ಧ ಹೆಪ್ಪ ಸಾಕು.

ದಿನಾ ಕಡದೆ. ದಿನಾ ಮೂಸಿದೆ. ವಾಸನಿ ಹೋಗಲಿಲ್ಲ, ಏರತಾ ಹೋತು. ಇತ್ತ ಮಗಳ ಹಾಲು ಮತ್ತ ಇಳೀತು. ದೋಣಿಯಾಗ ಕೊಯ್ಯಾಕ ಬಂದ ಸಬ್ಬಸಗಿ ತಲಿ ತೂಗಾಕತ್ತಿತ್ತು, ನಾ ಅದನ್ನ ಮುಟ್ಟಲಿಲ್ಲ. ಕೂಸು ಚೀರತಿತ್ತು, ನಾ ಅದರ ಬಾಯಿಗೆ ಡಬ್ಬಿ ಹಾಲಿನ ಚಮಚ ಹಿಡಕೋತ ಬರೂ ಕೊಯ್ಲಿನ ದಾರಿ ಕಾದೆ. ಬರಿಯಾಕತ್ತ ಕೈ ಇಲ್ಲಿ ನಿಲ್ಲತೈತಿ. ಹಸಗೊಂಡ ಕೂಸಿನ ಮುಂದ ನಾ ಮಡಿ ಹಿಡದು ಕುಂತಿದ್ದೆ.

ಉಪ್ಪಿನ ಹಡಗ ಬಂತಂತ ಅಳಿಯಂದಿರು ಬಂದರಕ್ಕ ಹೋದ ದಿನ ಇನ್ನ ತಡಿಯಾಕ ಆಗಲಿಲ್ಲ. ಸಬ್ಬಸಗಿ ಹಸದು ಹಳದಿ ಆಗಾಕತ್ತಿತ್ತು. ಊರಾಗ ನಾರೂ ಹಿಂಡಿ ನೀರ ಎಷ್ಟ ಸಲ ಪಲ್ಲೆ ಮಡಿಗೆ ಬಿಟ್ಟಿಲ್ಲ? ಏನೂ ಆಗಿಲ್ಲ. ಬಕೆಟ್ಟಿಲೆ ತಗದು ದೋಣಿಗೆ ಸುರವಿದೆ.

ನಮ್ಮಲ್ಲಿ ಮಡಿಗೆ ಬಿಟ್ಟ ನೀರ ತಿರಗಿ ಬರೂದಿಲ್ಲ. ಅಲ್ಲಿ ಬರತೈತಿ. ಎಲ್ಲಾ ದೋಣಿಯ ನೀರೂ ಇಳದು ಒಂದ ಹೊಂಡಕ್ಕ ಸೇರತೈತಿ, ಹೊಂಡದಿಂದ ಪಂಪ ಅದನ್ನ ಮತ್ತ ಎಲ್ಲಾ ದೋಣಿಗೂ ಹಂಚತೈತಿ. ದಿನಾ ಕಣ್ಣಿಲೆ ನೋಡತಿದ್ದೆ, ತಲಿಗೆ ಹೋಗಿರಲಿಲ್ಲ.

ತ್ವಾಟ ಮಲಗಿದ್ದು

ಮೊದಲ ವಾಸನಿ ಎದ್ದಿತು. ಓಣಿ ಮಂದಿ ಮೂಗ ಮುಚ್ಚಿಕೊಂಡ ಹೊಂಟ್ರು. ಆಮ್ಯಾಲೆ ಸಬ್ಬಸಗಿ ಮಲಗಿತು. ಆಮ್ಯಾಲೆ ಜರ್ಜೀರ, ಕೊತಂಬರಿ, ಒಂದರ ಹಿಂದ ಒಂದ ದೋಣಿ. ಅಳಿಯಂದಿರು ಒಂದ ಗಿಡ ಕಿತ್ತು ಬೇರ ತೋರಿಸಿದ್ರು. ಬೆಳ್ಳಗ ಇರಬೇಕಾದ ಬೇರು ಕಂದಾಗಿ, ಮುಟ್ಟಿದ್ರ ಸಿಂಬಳದಂಗ ಜಾರತಿದ್ದು. ಅವರು ನನಗ ಒಂದ ಮಾತ ಅನ್ನಲಿಲ್ಲ. ಅಂದಿದ್ರ ಛಲೋ ಇತ್ತು.

ಯೂಸುಫ ಬಂದ. ಸಾಲ ಹಿಡದು ನೋಡಕೋತ ಹ್ವಾದ. ಅರಬಿಯಾಗ ಏನ ಕೇಳಿದನೋ, ಅಳಿಯಂದಿರು ತಲಿ ತಗ್ಗಿಸಿ, ಎದಿ ಮ್ಯಾಲೆ ಕೈ ಇಟ್ಟುಕೊಂಡು ಉತ್ತರಾ ಕೊಟ್ರು. ಮಾತ ತಿಳೀಲಿಲ್ಲ, ಕೈ ತಿಳೀತು. ತಪ್ಪು ನಂದು ಅಂತ ಹೇಳಾಕತ್ತಿದ್ರು. ಲಗ್ನದಾಗ ಬೆಳ್ಳಿ ತಾಟಿನ್ಯಾಗ ನಿಲ್ಲಿಸಿ ಕಾಲ ತೊಳದ ಅಳಿಯ, ನನ್ನ ಸಲುವಾಗಿ ಪರದೇಶದ ಒಬ್ಬ ಹುಡುಗನ ಮುಂದ ತಲಿ ತಗ್ಗಿಸಿ ನಿಂತಿದ್ರು. ನಾ ಬಾಗಲದ ಹಿಂದ ನಿಂತಿದ್ದೆ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅಂತಾರಲ್ಲಾ, ಅಲ್ಲಿ ಭೂಮಿನೂ ಇರಲಿಲ್ಲ, ಖಡಿ ಇತ್ತು.

ಸೆರಗ ಹೊದಕೊಂಡು ಹೊರಗ ಬಂದೆ. ಅಷ್ಟೊತ್ತಿಗೆ ಉಮ್ಮ ಯೂಸುಫ ನನ್ನ ಪೀಪಾಯಿಯೊಳಗ ಕೋಲ ಆಡಿಸಿ ಚಿಪ್ಪ ಮ್ಯಾಲೆ ತಗದಿದ್ಳು.

“ಏ ಕ್ಯಾ ಹೈ, ಬಹೆನ?”

“ನಾರಿಯಲ” ಅಂದೆ. “ಹೆಪ್ಪು. ಅದು ನಂದು. ಹಾಕಿದಾಕಿ ನಾನು, ಸುರವಿದಾಕಿ ನಾನು. ಅಳಿಯನ ಮಾತ ಸುಳ್ಳ. ನಿನ್ನ ಮಗಗ ಹೇಳು.”

ಮೊಸರಿನ ಸುದ್ದಿ ಎಲ್ಲಾ ಹೇಳಿದೆ. ಕುಂಟ ಹಿಂದಿಯಾಗ, ಅಳಕೋತ. ಹಳೇ ಮೊಸರಾಗ ಜೀವ ಐತಿ ಅಂತ ನಾವು ಮುಟ್ಟೂದಿಲ್ಲ ಅಂದೆ.

ಅವಳು ಚಿಪ್ಪ ತಿರಿವಿ ತಿರಿವಿ ನೋಡಿದ್ಳು. ಬಾಯಿ ಬಿಗಿ ಹಿಡದ್ಳು. ಆಗಲಿಲ್ಲ. ದೋಣಿ ಕಟ್ಟಿ ಮ್ಯಾಲೆ ಕುಸದು ಕುಂತು ಹೊಟ್ಟಿ ಹಿಡದು ನಕ್ಕಳು. “ಅಲ್ಲಾ! ಇಷ್ಟ ದೊಡ್ಡ ಪೀಪಾಯಿಗೆ ಇಷ್ಟ ಸಣ್ಣ ನಾರಿಯಲ!” ನಗೂದು ನಿಂತ ಮ್ಯಾಲೆ ಕಣ್ಣ ಒರಸಿಕೊಂಡು, “ಬಹೆನ, ಜೀವ ಐತಿ ಅಂತನ ಹೆಪ್ಪ ಹಾಕೂದು. ಅದ ಇಲ್ಲದಿದ್ರ ಹಿಂಡಿನ್ನ ಗಿಡದ ಅನ್ನಾ ಮಾಡಾವರು ಯಾರು? ನೀ ಮಾಡತೀಯೇನು?” ಅಂದ್ಳು. ಅಷ್ಟರಾಗ ಗ್ವಾಡಿ ಆಚೆ ಕೂಸು ಚೀರಾಕ ಹತ್ತಿತು. ಅವಳ ನಗಿ ಅಲ್ಲೇ ಹೋತು. ಎದ್ದು ಮಗನ ಕಡೆ ನಡದ್ಳು. ಏನ ಹೇಳಿದ್ಳೋ, ಯೂಸುಫ ನನ್ನ ಕಡೆ ಒಮ್ಮೆ ನೋಡಿ, ನೆಲಾ ನೋಡಿ, ಹೊಂಟ ಹ್ವಾದ. ನನಗಿಂತ ಅವನಿಗೇ ಜಾಸ್ತಿ ನಾಚಿಕಿ ಆದಂಗ ಇತ್ತು.

ಸವಟು

ಹೊಂಡ ಖಾಲಿ ಮಾಡಿ, ಸಿಹಿ ನೀರಿಲೆ ಖಡಿ ತೊಳದಿವಿ. ಆ ಊರಾಗ ಸಿಹಿ ನೀರ ಸುರವೂದಂದ್ರ ತುಪ್ಪ ಸುರವಿದಂಗ. ನಾನೂ ಕಚ್ಚಿ ಹಾಕಿ ದೋಣಿಯಾಗ ಇಳದು ಖಡಿ ತಿಕ್ಕಿದೆ. ಬ್ಯಾಡ ಅತ್ತಿ ಅಂತ ಅಳಿಯಂದಿರು ಅಂದ್ರು, ಕೇಳಲಿಲ್ಲ. ಬಂದ ವಿಲಾಯತಿ ಉಪ್ಪು ಮಾಲಕರ ಜರ್ಜೀರಕ್ಕ ಬೇಕಾಗಿತ್ತು. ಕಡೀ ದೋಣಿಯ ನೀರು ಹೊಂಡಕ್ಕ ಹೋಗದಂಗ ಬ್ಯಾರೆ ಮಾಡಿ, ಇದು ನಿಮ್ಮದು ಅಂತ ಬಿಟ್ಟಕೊಟ್ರು. ಅಷ್ಟ ಆದ ಮ್ಯಾಲೂ ಬಿಟ್ಟಕೊಟ್ರು!

ಸಬ್ಬಸಗಿ ಮತ್ತ ಬಿತ್ತಿದೆ. ಅದು ಬರೂ ತನಕ ಉಮ್ಮ ಯೂಸುಫ ತಮ್ಮ ಬಾಣಂತ್ಯಾರಿಗೆ ಕೊಡೂ ಒಂದ ಪಾನಕ ಕಾಸಿ ತಂದ್ಳು. ನೋಡಿದ್ರ ನಮ್ಮ ಅಳವಿ ಬೀಜ! ನನ್ನ ಗಂಟಿನ ಅಳವಿ ತೋರಿಸಿದೆ. ಇಬ್ಬರೂ ಕೈಯಾಗ ಕೈ ಹಾಕಿ ಹುಡುಗ್ಯಾರಂಗ ಕೂಗಿದಿವಿ. ಅದರ ಮ್ಯಾಲೆ, ಡಬ್ಬಿ ಹಾಲಿನ ಮ್ಯಾಲೆ, ಕೂಸು ಹೆಂಗೋ ನಡೀತು. ಅರ್ಧಾ ಹೊಟ್ಟಿಯ ಕೂಸು ಹೆಂಗಿರತೈತಿ ಅನ್ನೂದು ನನಗ ಈಗ ಗೊತ್ತೈತಿ. ಅತ್ತು ದಣದ ಮ್ಯಾಲೆ ನಿದ್ದಿ ಬರೂದಿಲ್ಲ ಅದಕ್ಕ. ಸುಮ್ಮ ನೋಡತೈತಿ.

ಹೊಸಾ ಪೀಪಾಯಿಗೆ ಹಿಂಡಿ ನೆನಿ ಹಾಕಿದೆ, ಈ ಸಲ ಕಡಿಮಿ. ಸವಟು ತರಾಕ ಯಾರನ್ನೂ ಕಳಿಸಲಿಲ್ಲ. ನಾನ ಹೋಗಿ ಮೂರನೇ ಪೀಪಾಯಿ ಮುಂದ ನಿಂತೆ. ತಿಳಿ ನೀರು, ನನ್ನ ಮಾರಿ ಕಾಣತಿತ್ತು. ಸವಟು ಮುಳಗಿಸಿ ತುಂಬಿಕೊಂಡು ನನ್ನ ಪೀಪಾಯಿ ಕಡೆ ಬಂದೆ. ಉಮ್ಮ ಯೂಸುಫ ಬಿಸ್ಮಿಲ್ಲಾ ಅಂದ್ಳು, ನಾ ಮನಸಿನ್ಯಾಗ ಅರಿಹಂತರಿಗೆ ಕೈ ಮುಗದೆ, ಹಾಕಿದೆ.

ದಿನಾ ಕಡದಂಗ ವಾಸನಿ ಇಳೀತು. ಒಂದ ಮುಂಜಾನೆ ಮುಚ್ಚಳ ತಗದ್ರ ಮಳಿ ಬಿದ್ದ ಹೊಲದ ವಾಸನಿ. ಆ ಉಸುಕಿನ ದೇಶದಾಗ! ಅಳಿಯಂದಿರು ಮೂಸಿ, “ಹ್ಞೂಂ, ಹಾಕ್ರಿ” ಅಂದ್ರು. ಆದ್ರ ಅವರು ಹೇಳಿದ ಮ್ಯಾಲೂ ನಾ ಮೊದಲ ಒಂದ ಸಸಿಗೆ ಹಾಕಿ ಎರಡ ದಿನ ಕಾದೆ.

ಮಗಳ ಮುಂದ

ಸಬ್ಬಸಗಿ ಕೊಯ್ದ ದಿನ ಪಲ್ಲೆ ಮಾಡಿ, ತಾಟು ಮಗಳ ಮುಂದ ಇಟ್ಟು, ಉಣ್ಣೂಕಿಂತ ಮೊದಲ ಎಲ್ಲಾ ಹೇಳಿದೆ. ಹುಳ ಬಿದ್ದದ್ದು ಸುಳ್ಳ, ಮೊದಲ ಉಂಡದ್ದು ಮೀನ ನೀರಿಂದು, ಈಗಿಂದು ಹಿಂಡಿದು, ಆದ್ರ ಹೆಪ್ಪ ಅಲ್ಲಿಂದನ ಅಂತ. ತಿನ್ನೂದು ಬಿಡೂದು ನಿನ್ನ ಕಡೆ ಅಂದೆ.

ಸುನಂದಾ ಕೂಸನ್ನ ಭುಜದ ಮ್ಯಾಲೆ ಹಾಕಿಕೊಂಡು ತಟ್ಟಕೋತ ಕೇಳಿದ್ಳು. ಬೈತಾಳ ಅಂತ ಕಾದೆ.

“ಅವ್ವಾ, ನಮ್ಮ ಬಾವಿಯಾಗ ಮೀನ ಅದಾವಿಲ್ಲ?”

“ಅದಾವ.”

“ಹುಟ್ಟತಾವ, ಸಾಯತಾವ, ಆ ನೀರ ನಮ್ಮ ಮೆಂತೆಗೆ ಹೋಗತೈತಿ.”

“ಅದು ಬ್ಯಾರೆ. ಅದನ್ನ ನಾವು ಹಾಕಿಲ್ಲ.”

“ಹೌದ ಬ್ಯಾರೆ.” ಅವಳು ಕೂಸನ್ನ ಭುಜದಿಂದ ಇಳಿಸಿ ತೊಡಿ ಮ್ಯಾಲೆ ಹಾಕಿಕೊಂಡ್ಳು. ಆಮ್ಯಾಲೆ ಸಣ್ಣ ದನಿಲೆ, “ನನಗ ಹಾಲು ಬೇಕವ್ವಾ. ಪಾಪ ಇದ್ರ ನಾ ತಗೋತೇನಿ. ಆದ್ರ ಒಬ್ಬಾಕಿ ಉಣ್ಣೂದಿಲ್ಲ. ನೀ ಮಾಡಿದ್ದು, ನೀನೂ ಕುಂದರು.”

ಹೊತ್ತ ಇನ್ನೂ ಇತ್ತು. ಅವಳ ಎದುರ ಕುಂತೆ. ರೊಟ್ಟಿ ಮುರದು, ಪಲ್ಲೆ ಸುತ್ತಿ, ಕಣ್ಣ ಮುಚ್ಚಿ ಬಾಯಾಗ ಇಟ್ಟುಕೊಂಡೆ. ಮೀನ ನೆನಪಾದೀತು ಅಂತ ಅಂಜಿದ್ದೆ. ಬ್ಯಾರೆ ಏನೂ ನೆನಪಾಗಲಿಲ್ಲ. ಎಳೀ ಸಬ್ಬಸಗಿ, ಹೆಸರಬ್ಯಾಳಿ, ಒಗ್ಗರಣಿಯ ಜೀರಗಿ. ನನ್ನ ಎದುರ ಮಗಳು ಗಬಗಬ ಉಣ್ಣಾಕತ್ತಿದ್ಳು, ಕೂಸು ಅವಳ ಸೆರಗಿನೊಳಗ ತಲಿ ತೂರಿಸಿತ್ತು, ಚೀಪೂ ಸಪ್ಪಳ ಖೋಲಿ ತುಂಬಿತ್ತು.

ಊರಾಗ ಈಗ ಬಸದಿ ಕಟ್ಟಿಗೆ ಕುಂತವರು ಕೇಳತಾರ, “ಖರೇನ ತಿಂದಿಯೇನ ನೀನು?” ಅಂತ. ತಿಂದೆ. ಮೊದಲನೇ ತುತ್ತು ಮಗಳು ತಿನ್ನು ಅಂದಳಂತ ತಿಂದೆ. ಆಮ್ಯಾಲೆ ಅವಳು ಬೋಗುಣಿ ಎತ್ತಿ, ಇನ್ನಷ್ಟು ನೀಡಲೇನ ಅಂತ ಸನ್ನಿ ಮಾಡಿದ್ಳು. ನಾ ತಾಟು ಮುಂದ ಸರಸಿದೆ.